ತಿದ್ದುತ್ತ ಹೋದಂತೆ ಪ್ರಬಂಧದಿಂದ ಅಪ್ಪನ ಮಾತು ಬಿಟ್ಟುಹೋಯಿತು: ಇದನ್ನು ಬೆಳವಣಿಗೆ ಎನ್ನಬಹುದೇ?

ಮಾನ್ವಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯವಳು, ಇತಿಹಾಸದಲ್ಲಿ ಎಂ.ಎ. ಮೊದಲ ವರ್ಷ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ನಮಗೆ ಸಂಶೋಧನಾ ಬರವಣಿಗೆಯ ಒಂದು ಪತ್ರಿಕೆ ಇತ್ತು. ನಮ್ಮ ಮೇಡಂ ಹೊಸ ಹೊಸ ವಿಷಯಗಳನ್ನು ಕೊಡದೆ, ಒಂದೇ ಪ್ರಬಂಧವನ್ನು ನಮ್ಮಿಂದ ನಾಲ್ಕು ಸಲ ಬರೆಸಿದರು. ಈಗ ಮೊದಲ ಕರಡನ್ನೂ ಕೊನೆಯ ಕರಡನ್ನೂ ಜೊತೆಗಿಟ್ಟು, ನಮ್ಮ ಬರವಣಿಗೆ ಹೇಗೆ ಬೆಳೆಯಿತು ಎಂಬುದನ್ನು ನಾವೇ ನಾಲ್ಕು ಪುಟಗಳಲ್ಲಿ ಬರೆದು ಒಪ್ಪಿಸಬೇಕಾಗಿದೆ. ನನ್ನ ತೊಡಕು ಇರುವುದು ಇಲ್ಲಿಯೇ.

ನನ್ನ ವಿಷಯ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ನೀರಿನ ಕೊರತೆ. ನಮ್ಮ ಹೊಲ ಅಲ್ಲಿಯೇ ಇರುವುದರಿಂದ ಬೇರೆ ವಿಷಯ ನನಗೆ ಹೊಳೆಯಲೂ ಇಲ್ಲ. ಮೊದಲ ಕರಡು ಹೀಗೆ ಶುರುವಾಗುತ್ತಿತ್ತು: "ಅನಾದಿ ಕಾಲದಿಂದಲೂ ರೈತನು ಈ ನಾಡಿನ ಬೆನ್ನೆಲುಬಾಗಿದ್ದಾನೆ ಎಂದರೆ ತಪ್ಪಾಗಲಾರದು. ಆದರೆ ಇಂದು ಅನ್ನದಾತನ ಕಣ್ಣೀರು ಒರೆಸುವವರೇ ಇಲ್ಲದಂತಾಗಿದೆ." ಇದರ ಪಕ್ಕದಲ್ಲಿ ಮೇಡಂ ಪೆನ್ಸಿಲಿನಿಂದ "ಯಾವ ರೈತ? ಯಾವ ವರ್ಷ?" ಎಂದಷ್ಟೇ ಬರೆದಿದ್ದರು.

ಎರಡನೆಯ ಕರಡಿನಲ್ಲಿ ನಾನು ಅಂಕಿಸಂಖ್ಯೆಗಳನ್ನು ತುಂಬಿದೆ. ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದದ್ದು, ಆಗ ಸುಮಾರು 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದದ್ದು, ಎಲ್ಲವನ್ನೂ ಬರೆದು, ನಮ್ಮ ಭಾಗಕ್ಕೆ ನೀರು ಬಾರದಿರಲು ಹೂಳೇ ಕಾರಣವೆಂದು ಮುಗಿಸಿದೆ. ಆಧಾರ ಕೊಟ್ಟಿದ್ದೇನೆಂಬ ಧೈರ್ಯ ನನಗಿತ್ತು. ಮೇಡಂ ತರಗತಿಯಲ್ಲಿ ಕೇಳಿದರು: "ಹೂಳಿನಿಂದ ಕಡಿಮೆಯಾದ ನೀರು ಎಲ್ಲರಿಗೂ ಕಡಿಮೆಯಾಗಬೇಕಲ್ಲವೇ? ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುತ್ತಿರುವಾಗ ಅದೇ ಹೂಳು ನಿಮ್ಮೂರಿಗೆ ಮಾತ್ರ ಬರ ತಂದದ್ದು ಹೇಗೆ?" ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋಗಿ ಮೂರನೆಯ ಕರಡನ್ನು ಮೊದಲಿನಿಂದ ಬರೆದೆ. 227 ಕಿಲೋಮೀಟರ್ ಉದ್ದದ ಈ ಕಾಲುವೆಯನ್ನು ಮುಖ್ಯವಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಲಾಗಿತ್ತು, ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಆ ಲೆಕ್ಕ ತಪ್ಪಿತು ಎಂಬುದು ನನಗೆ ತಿಳಿದದ್ದು ಆಗ. ಕೊನೆಯ ಕರಡಿನಲ್ಲಿ ಒಟ್ಟು ನೀರಿನ ಕೊರತೆಯನ್ನೂ ಹಂಚಿಕೆಯ ಅಸಮಾನತೆಯನ್ನೂ ಬೇರೆ ಬೇರೆ ಮಾಡಿ ಬರೆದಿದ್ದೇನೆ. ಅದರ ಒಂದು ವಾಕ್ಯ ಹೀಗಿದೆ: "ಕಾಲುವೆಯ ಮೇಲ್ಭಾಗದಲ್ಲಿ ಅನಧಿಕೃತವಾಗಿ ನೀರು ಬಳಸಲ್ಪಡುತ್ತಿರುವುದರಿಂದ ಕೊನೆ ಭಾಗಕ್ಕೆ ನಿಗದಿತ ಪ್ರಮಾಣದ ನೀರು ತಲುಪಿಸಲ್ಪಡುತ್ತಿಲ್ಲ ಎಂಬುದು ಕಂಡುಬರುತ್ತದೆ."

ಮೊದಲ ಕರಡಿನಲ್ಲಿ ಇನ್ನೊಂದು ಸಂಗತಿ ಇತ್ತು. ನೀರು ಬಿಟ್ಟ ದಿನಗಳಲ್ಲಿ ನಮ್ಮ ಅಪ್ಪ ಮತ್ತು ಪಕ್ಕದ ಹೊಲದ ಕಾಕಾ ರಾತ್ರಿಯೆಲ್ಲ ಕಾಲುವೆಯ ದಂಡೆಯ ಮೇಲೆ ಮಲಗಿ ತೂಬು ಕಾದದ್ದನ್ನು ಅರ್ಧ ಪುಟ ಬರೆದಿದ್ದೆ. "ಇದು ನಿಮ್ಮ ಮನೆಯವರ ಮಾತು, ಇದಕ್ಕೆ ಆಧಾರವೇನು?" ಎಂದು ಮೇಡಂ ಗುರುತು ಹಾಕಿದ್ದರಿಂದ ಅದನ್ನು ತೆಗೆದುಹಾಕಿದೆ. ಕಳೆದ ವಾರ ಅಪ್ಪ ಕೊನೆಯ ಕರಡನ್ನು ಪೂರ್ತಿ ಓದಿ, "ಬರದದ್ದು ಚೊಲೊ ಐತಿ, ಆದ್ರ ಇದ್ರಾಗ ನಾವೆಲ್ಲಿ ಅದೀವಿ?" ಎಂದು ಕೇಳಿದರು. ಅಂದಿನಿಂದ ನನಗೆ ಒಂದು ಸಾಲೂ ಮುಂದುವರಿಸಲಾಗುತ್ತಿಲ್ಲ. ನಾನು ನಿಜವಾಗಿ ಬೆಳೆದಿದ್ದೇನೆಯೇ, ಅಥವಾ ಮೇಡಂಗೆ ಒಪ್ಪುವಂತೆ ಬರೆಯುವುದನ್ನು ಮಾತ್ರ ಕಲಿತಿದ್ದೇನೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ರಾಯಚೂರಿನ ನಿವೃತ್ತ ಅಧ್ಯಾಪಕ

ತಂಗೀ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಿಮ್ಮ ಮೇಡಂ "ಆಧಾರವೇನು?" ಎಂದು ಕೇಳಿದ್ದಾರೆ, "ತೆಗೆದುಹಾಕಿ" ಎಂದು ಎಲ್ಲಿಯೂ ಹೇಳಿಲ್ಲ. ಪ್ರಶ್ನೆಗೆ ಉತ್ತರ ಹುಡುಕುವ ಬದಲು ಪ್ರಶ್ನೆಯನ್ನು ಎಬ್ಬಿಸಿದ ಸಾಲುಗಳನ್ನೇ ಅಳಿಸಿಹಾಕುವುದನ್ನು ನಾನು ಮೂವತ್ತು ವರ್ಷಗಳ ಪಾಠದಲ್ಲಿ ಎಷ್ಟೋ ಜನ ಮಕ್ಕಳಲ್ಲಿ ಕಂಡಿದ್ದೇನೆ. ಹೂಳಿನ ಪ್ರಶ್ನೆಗೆ ನೀವು ಹಾಗೆ ಮಾಡಲಿಲ್ಲ, ಅದನ್ನು ಮನೆಗೆ ಹೊತ್ತುಕೊಂಡು ಹೋದಿರಿ. ಅಪ್ಪನವರ ಮಾತಿನ ವಿಷಯದಲ್ಲಿ ಮಾತ್ರ ಅಂಜಿದಿರಿ.

ಆಧಾರವೆಂದರೆ ಅಚ್ಚಾದ ಪುಸ್ತಕ ಮಾತ್ರವಲ್ಲ. ಒಂದು ಆಧಾರದಿಂದ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬ ಅಳತೆ ಮುಖ್ಯ. ನಮ್ಮ ಜಿಲ್ಲೆಯ ಮಸ್ಕಿಯನ್ನೇ ನೋಡಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ಬಿರುದುಗಳು. ಆ ಅರಸನೇ ಅಶೋಕನೆಂದು ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಗುರುತಿಸಿದರು. ಅದು ಬಲವಾದ ಊಹೆಯಾಗಿತ್ತು, ಸರಿಯಾದ ಊಹೆಯೂ ಆಗಿತ್ತು, ಆದರೂ ಊಹೆಯೇ. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯ ಶಾಸನದ ಬಂಡೆ ಕಾಣಿಸಿ, ಅದರಲ್ಲಿ ಅಶೋಕನ ಹೆಸರೇ ಇದ್ದುದು ತಿಳಿದಾಗ ಆ ಮಾತಿನ ತೂಕ ಬದಲಾಯಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರಿನ ಶಾಸನದಲ್ಲಿಯೂ ಆ ಹೆಸರು ಸಿಕ್ಕಿತು. "ಊಹಿಸಬಹುದು", "ತೋರುತ್ತದೆ", "ಖಚಿತವಾಗಿದೆ" ಎಂಬ ಮಾತುಗಳನ್ನು ನಾವು ಅಲಂಕಾರಕ್ಕೆ ಬಳಸುವುದಿಲ್ಲ. ಕೈಯಲ್ಲಿರುವ ಸಾಕ್ಷ್ಯದ ತೂಕಕ್ಕೆ ತಕ್ಕಂತೆ ಬಳಸುತ್ತೇವೆ.

ಈಗ ನಿಮ್ಮ ತಂದೆಯವರ ರಾತ್ರಿ ಕಾವಲಿಗೆ ಬನ್ನಿ. ಕೊನೆ ಭಾಗಕ್ಕೆ ಎಷ್ಟು ನೀರು ಕಡಿಮೆಯಾಯಿತೆಂಬುದನ್ನು ಅದರಿಂದ ಸಾಧಿಸಲಾಗದು. ಅದಕ್ಕೆ ಕಾಲುವೆಯ ಗೇಜ್ ದಾಖಲೆ, ಅಂದರೆ ನೀರಿನ ಮಟ್ಟ ಅಳೆದು ಬರೆದಿಟ್ಟ ಲೆಕ್ಕ ಬೇಕು. ಆದರೆ ಕೊರತೆ ಬಂದಾಗ ಜನ ಏನು ಮಾಡಿದರು, ನಿದ್ದೆ ಬಿಟ್ಟು ಏನನ್ನು ಯಾರಿಂದ ಕಾದರು ಎಂಬುದಕ್ಕೆ ಅವರ ಮಾತಿಗಿಂತ ಹತ್ತಿರದ ಸಾಕ್ಷ್ಯ ಯಾವ ಕಚೇರಿಯ ಕಡತದಲ್ಲಿಯೂ ನಿಮಗೆ ಸಿಗುವುದಿಲ್ಲ. ಅವರನ್ನು ಕೂರಿಸಿಕೊಂಡು ವಿಧಿವತ್ತಾಗಿ ಸಂದರ್ಶನ ಮಾಡಿ. ಯಾವ ವರ್ಷ, ಯಾವ ಬೆಳೆ, ಎಷ್ಟು ರಾತ್ರಿ ಎಂದು ಕೇಳಿ, ಸಂದರ್ಶನದ ದಿನಾಂಕ ಬರೆದುಕೊಳ್ಳಿ, ಅವರ ಒಪ್ಪಿಗೆ ಪಡೆಯಿರಿ. ಕಾಕಾ ಅವರನ್ನು ಬೇರೆಯಾಗಿ ಕೇಳಿ. ಇಬ್ಬರೂ ಒಟ್ಟಿಗೆ ಕುಳಿತರೆ ಒಬ್ಬರ ನೆನಪು ಇನ್ನೊಬ್ಬರದನ್ನು ತಿದ್ದಿಬಿಡುತ್ತದೆ.

ಕೊಪ್ಪಳದ ಸಂಶೋಧನಾ ವಿದ್ಯಾರ್ಥಿ

ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನನಗೆ ಕಾಣಿಸಿದ್ದು ಇನ್ನೊಂದು. ತಂಗೀ, ನಿಮ್ಮ ಅಪ್ಪನವರು ಪ್ರಬಂಧದಿಂದ ಹೊರಗುಳಿದದ್ದು ಆ ಅರ್ಧ ಪುಟವನ್ನು ತೆಗೆದಾಗ ಮಾತ್ರವಲ್ಲ, ನಿಮ್ಮ ವಾಕ್ಯರಚನೆಯಲ್ಲಿಯೂ ಹೌದು. ನೀವು ಉದಾಹರಿಸಿದ ವಾಕ್ಯವನ್ನೇ ತೆಗೆದುಕೊಳ್ಳಿ. "ನೀರು ಬಳಸಲ್ಪಡುತ್ತಿರುವುದರಿಂದ" ಎಂದಿರಿ, ಬಳಸುತ್ತಿರುವವರು ಯಾರು? "ತಲುಪಿಸಲ್ಪಡುತ್ತಿಲ್ಲ" ಎಂದಿರಿ, ತಲುಪಿಸಬೇಕಾದ ಇಲಾಖೆ ಯಾವುದು? "ಕಂಡುಬರುತ್ತದೆ" ಎಂದಿರಿ, ಯಾರಿಗೆ, ಎಲ್ಲಿ ಕಂಡಿತು? ಒಂದೇ ವಾಕ್ಯದಲ್ಲಿ ಮೇಲ್ಭಾಗದ ರೈತರು, ನೀರಾವರಿ ಇಲಾಖೆ, ಸ್ವತಃ ನೀವು, ಎಲ್ಲರೂ ಮರೆಯಾಗಿದ್ದೀರಿ.

"ಲ್ಪಡು" ಹಚ್ಚಿದರೆ ಶಾಸ್ತ್ರೀಯವಾಗುತ್ತದೆಂಬ ನಂಬಿಕೆ ನನಗೂ ಇತ್ತು. ಸಹಜ ಕನ್ನಡದಲ್ಲಿ ನಾವು ಅದನ್ನು ಆಡುವುದಿಲ್ಲ. ಬರೆಯಲು ಕುಳಿತಾಗ ಮಾತ್ರ ಅದು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ಕರ್ತೃ ಗೊತ್ತಿಲ್ಲದ ಕಡೆ, ಮುಖ್ಯವಲ್ಲದ ಕಡೆ "ಕಟ್ಟಲಾಯಿತು" ಎಂದರೆ ತಪ್ಪಿಲ್ಲ. ಆದರೆ ನೀರಿನ ಹಂಚಿಕೆಯ ಪ್ರಬಂಧದಲ್ಲಿ ಕರ್ತೃವೇ ವಿಷಯ. ಕೊನೆಯ ಕರಡನ್ನು ಪೆನ್ನು ಹಿಡಿದು ಮತ್ತೊಮ್ಮೆ ಓದಿ, ಪ್ರತಿ ಕ್ರಿಯಾಪದಕ್ಕೂ "ಯಾರು?" ಎಂದು ಕೇಳಿ. ಉತ್ತರ ಬಾರದ ಕಡೆ ನೀವು ಇನ್ನೂ ತಿಳಿದುಕೊಳ್ಳಬೇಕಾದದ್ದು ಉಳಿದಿದೆ ಎಂದು ಅರ್ಥ. ಇದರಲ್ಲಿ ವ್ಯಾಕರಣಕ್ಕಿಂತ ಸಂಶೋಧನೆಯೇ ಹೆಚ್ಚು.

ಬೆಳವಣಿಗೆಯ ಬಗ್ಗೆ ಕೇಳಿದ್ದೀರಿ, ಆದ್ದರಿಂದ ನನ್ನ ಅನುಭವವನ್ನೂ ಹೇಳುತ್ತೇನೆ. ನಾನು ಕಿನ್ನಾಳದ ಗೊಂಬೆಗಳ ಬಗ್ಗೆ ಕಿರುಪ್ರಬಂಧ ಬರೆದಾಗ ನಾಲ್ಕೈದು ಪುಸ್ತಕಗಳ ಸಾಲುಗಳನ್ನು ತೆಗೆದು, ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಜೋಡಿಸಿದ್ದೆ. ಅದು ತಪ್ಪೆಂದು ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಗೈಡ್ ನೋಡಿ ಬರೆದದ್ದಕ್ಕೇ ಹೆಚ್ಚು ಅಂಕ ಬರುತ್ತಿತ್ತು. ಮುಂದೆ ಸಂಶೋಧನೆಗೆ ಸೇರಿದಾಗ ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಗಳನ್ನು ಓದಿದೆ. ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು, ಶೇ 40 ದಾಟಿದರೆ ಒಂದು ವರ್ಷ ಒಪ್ಪಿಸುವಂತಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದು. ಓದಿ ಭಯವಾಯಿತು. ಆದರೆ ಆ ಭಯದಿಂದ ನನ್ನ ಬರವಣಿಗೆ ಸುಧಾರಿಸಲಿಲ್ಲ, ಪದ ಬದಲಿಸುವ ಜಾಣ್ಮೆ ಮಾತ್ರ ಹೆಚ್ಚಿತು. ಸುಧಾರಿಸಿದ್ದು ಚಿತ್ರಗಾರರ ಮನೆಯಲ್ಲಿ ಕುಳಿತು, ಹಗುರವಾದ ಕಟ್ಟಿಗೆಯನ್ನು ಕೆತ್ತಿ ಬಣ್ಣ ಹಚ್ಚುವುದನ್ನು ನೋಡಿ ಬಂದ ಮೇಲೆ. ಪುಸ್ತಕ ಹೇಳಿದ್ದಕ್ಕೂ ನಾನು ನೋಡಿದ್ದಕ್ಕೂ ಎಲ್ಲಿ ವ್ಯತ್ಯಾಸವಿದೆ ಎಂದು ಬರೆಯತೊಡಗಿದಾಗ ನಕಲು ಮಾಡುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಆ ವ್ಯತ್ಯಾಸವನ್ನು ನನಗಿಂತ ಮೊದಲು ಯಾರೂ ಬರೆದಿರಲಿಲ್ಲ.

ಬಳ್ಳಾರಿಯ ಅಧ್ಯಾಪಕಿ

ನಾನು ಪ್ರತಿ ವರ್ಷ ಇಂಥ ಸ್ವವಿಮರ್ಶೆಗಳ ಮೌಲ್ಯಮಾಪನ ಮಾಡುತ್ತೇನೆ. ಬಹುಪಾಲು ಮಕ್ಕಳು "ಮೊದಲು ನನಗೆ ಏನೂ ತಿಳಿದಿರಲಿಲ್ಲ, ಈಗ ಎಲ್ಲವೂ ತಿಳಿಯಿತು" ಎಂದು ಬರೆಯುತ್ತಾರೆ, ಗುರುಗಳಿಗೆ ಕೃತಜ್ಞತೆ ಹೇಳಿ ಮುಗಿಸುತ್ತಾರೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ನೀವು ಹೂಳಿನ ಪ್ರಸಂಗವೊಂದನ್ನೇ ಎರಡು ಪುಟ ಬರೆಯಿರಿ. ಮೊದಲ ಕರಡಿನ ಕಣ್ಣೀರು ಹೋಗಿ ಎರಡನೆಯದರಲ್ಲಿ ಅಂಕಿ ಬಂದದ್ದನ್ನು ನಾನು ದೊಡ್ಡ ಬೆಳವಣಿಗೆ ಎನ್ನಲಾರೆ; ಅಂಕಿಗಳ ನಡುವೆಯೂ ನೀವು ಯೋಚಿಸದೆ ಬರೆದಿದ್ದಿರಿ. ಮೂರನೆಯ ಕರಡಿನಲ್ಲಿ ನಿಮ್ಮ ತೀರ್ಮಾನವೇ ಬದಲಾಯಿತು. ಮೇಡಂಗೆ ಒಪ್ಪುವಂತೆ ಮಾತ್ರ ಬರೆಯುವವರ ಭಾಷೆ ಬದಲಾಗುತ್ತದೆ, ತೀರ್ಮಾನ ಬದಲಾಗುವುದಿಲ್ಲ.

ಹಿರಿಯರ ಮಾತಿಗೆ ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ತಂದೆಯವರ ಸಂದರ್ಶನ ಸೇರಿಸಿದರೆ ಅವರು ನಿಮ್ಮ ತಂದೆ ಎಂಬುದನ್ನು ಅಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಮತ್ತು ಕೊನೆ ಭಾಗದವರ ಮಾತು ಮಾತ್ರ ಬಂದರೆ ಪ್ರಬಂಧ ಒಂದೇ ಕಣ್ಣಿನಿಂದ ನೋಡಿದಂತಾಗುತ್ತದೆ. ಸಾಧ್ಯವಾದರೆ ಗಂಗಾವತಿ ಇಲ್ಲವೇ ಕಾರಟಗಿಯ ಕಡೆಯ ಒಬ್ಬ ಭತ್ತದ ರೈತರನ್ನೂ ಕೇಳಿ. ಅವರ ಭಾಗದಲ್ಲಿ ನೀರು ನಿಂತು ಎಷ್ಟೋ ಹೊಲಗಳು ಸವಳು ಜವಳಾಗಿವೆ, ಅಂದರೆ ಉಪ್ಪೇರಿ ಜೌಗಾಗಿವೆ. ಅಂಥ ನೆಲದಲ್ಲಿ ಜೋಳವೂ ಹತ್ತಿಯೂ ಕೈಹಿಡಿಯುವುದು ಕಷ್ಟ, ಭತ್ತವೇ ಅವರಿಗೆ ಉಳಿದ ದಾರಿಯಾಗಿರಬಹುದು. ಅವರ ಕಾರಣವನ್ನು ಕೇಳಿಕೊಂಡ ಮೇಲೂ ನಿಮ್ಮ ವಾದ ನಿಲ್ಲುತ್ತದೆಯೇ ನೋಡಿ.

ಮಾನ್ವಿಯ ವಿದ್ಯಾರ್ಥಿನಿ

ಸರ್, ಅಣ್ಣಾ, ಮೇಡಂ, ಮೂವರಿಗೂ ನಮಸ್ಕಾರ. ನಿನ್ನೆ ರಾತ್ರಿ ಊಟವಾದ ಮೇಲೆ ಅಪ್ಪನನ್ನು ಕೂರಿಸಿಕೊಂಡು ನೋಟ್‌ಬುಕ್ ತೆಗೆದೆ. ಎಷ್ಟು ರಾತ್ರಿ ಕಾದಿರಿ ಎಂದು ಕೇಳಿದಾಗ ಅವರು ತಕ್ಷಣ ಉತ್ತರಿಸಲಿಲ್ಲ. ನಾನು ಮೊದಲ ಕರಡಿನಲ್ಲಿ "ತಿಂಗಳುಗಟ್ಟಲೆ" ಎಂದು ಬರೆದಿದ್ದೆ. ಅವರು ಬೆರಳು ಮಡಚಿ ಎಣಿಸಿ, ಆ ಸಲ ಒಂಬತ್ತು ರಾತ್ರಿ ಎಂದರು. ಮೆಣಸಿನಕಾಯಿ ಹಾಕಿದ ವರ್ಷವೆಂದು ನಾನು ತಿಳಿದಿದ್ದೆ, ಅವರು ಅದು ಹತ್ತಿಯ ವರ್ಷವೆಂದರು. ವರ್ಷ ಯಾವುದೆಂಬುದರಲ್ಲಿ ಅವರಿಗೇ ಅನುಮಾನ ಬಂದು, ಕಾಕಾನನ್ನು ಕೇಳಿ ಹೇಳುತ್ತೇನೆಂದು ಎದ್ದರು. ಸರ್ ಹೇಳಿದ್ದು ನೆನಪಾಗಿ ನಾನೇ ತಡೆದು, ಕಾಕಾನ ಬಳಿ ನಾನೊಬ್ಬಳೇ ಹೋಗುತ್ತೇನೆಂದು ಹೇಳಿದ್ದೇನೆ.

ಅಣ್ಣ ಹೇಳಿದಂತೆ ಆ ವಾಕ್ಯವನ್ನು ಒಡೆದು ಬರೆದಿದ್ದೇನೆ: "ಮೇಲ್ಭಾಗದ ಕೆಲವು ರೈತರು ಕಾಲುವೆಗೆ ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಾರೆ ಎಂದು ನಾನು ಸಂದರ್ಶಿಸಿದ ಕೊನೆ ಭಾಗದ ರೈತರೊಬ್ಬರು (ಇವರು ನನ್ನ ತಂದೆ) ಹೇಳುತ್ತಾರೆ. ನೀರಾವರಿ ಇಲಾಖೆಯ ಗೇಜ್ ದಾಖಲೆಯನ್ನು ನಾನು ಇನ್ನೂ ನೋಡಿಲ್ಲ." ಎರಡನೆಯ ವಾಕ್ಯವನ್ನು ಪ್ರಬಂಧದಲ್ಲಿ ಉಳಿಸಬಹುದೇ ಎಂದು ಮೊದಲು ಹಿಂಜರಿದೆ, ಆಮೇಲೆ ಉಳಿಸಿಕೊಂಡೆ. ಒಪ್ಪಿಸಲು ಇನ್ನೂ ಹನ್ನೊಂದು ದಿನಗಳಿವೆ. ಭಾನುವಾರ ಕಾಕಾನ ಮನೆ, ಸೋಮವಾರ ಇಲಾಖೆಯ ಕಚೇರಿ ಎಂದುಕೊಂಡಿದ್ದೇನೆ. ಕಾರಟಗಿಯಲ್ಲಿ ನನ್ನ ಸಹಪಾಠಿಯೊಬ್ಬಳ ಮನೆಯವರಿಗೆ ಭತ್ತದ ಗದ್ದೆ ಇದೆ. ಅವಳ ತಂದೆಯವರನ್ನು ಮಾತನಾಡಿಸಬಹುದೇ ಎಂದು ಇಂದು ಬೆಳಿಗ್ಗೆ ಅವಳನ್ನು ಕೇಳಿದ್ದೇನೆ.