ಫೈರ್‌ವಾಲ್ ಮೇಲೆ ಎಂಜಿನ್ ಸೆನ್ಸರ್: ಎಲ್ಲಿ, ಹೇಗೆ ಕೂರಿಸಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಟೆಕ್ಸಾಸ್‌ನಲ್ಲಿದ್ದೇನೆ. ವ್ಯಾನ್ಸ್ ಆರ್‌ವಿ-7 ವಿಮಾನವನ್ನು ನಾನೇ ಕಟ್ಟುತ್ತಿದ್ದೇನೆ, ಎಂಜಿನ್ ಲೈಕಮಿಂಗ್ ಒ-360. ಆಯಿಲ್, ಇಂಧನ ಮತ್ತು ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆ) ಒತ್ತಡ ಅಳೆಯುವ ಮೂರು ಸೆನ್ಸರ್‌ಗಳಿವೆ. ಹಿತ್ತಾಳೆಯ ಎಲ್ಬೋ (ಮೊಣಕೈಯಂತೆ ಬಾಗಿದ ಫಿಟಿಂಗ್) ಹಾಕಿ ಆಯಿಲ್ ಸೆನ್ಸರನ್ನು ಎಂಜಿನ್ನಿಗೇ ತಿರುಗಿಸಿಬಿಡಿ, ಹೋಸಿನ ರಗಳೆ ಏಕೆ ಎನ್ನುತ್ತಾರೆ ಪಕ್ಕದ ಹ್ಯಾಂಗರಿನವರು. ಎಂಜಿನ್ನಿಗೂ ಕಾಕ್‌ಪಿಟ್‌ಗೂ ನಡುವೆ ಬೆಂಕಿ ತಡೆಯುವ ತಗಡಾದ ಫೈರ್‌ವಾಲ್‌ಗೆ ಇನ್ನಷ್ಟು ರಂಧ್ರ ಕೊರೆಯಲು ನನಗೂ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಎಂಜಿನ್ನಿಗೆ ನೇರವಾಗಿ ಕೂರಿಸಬೇಡಿ. ಎಲ್ಬೋದ ತುದಿಯಲ್ಲಿ ನೇತಾಡುವ ಸೆನ್ಸರಿನ ಭಾರ ಎಂಜಿನ್ ಓಡುವಷ್ಟು ಹೊತ್ತೂ ಅದುರುತ್ತಲೇ ಇರುತ್ತದೆ. ಹಿತ್ತಾಳೆ ಅದನ್ನು ಬಹಳ ಕಾಲ ತಾಳುವುದಿಲ್ಲ. ವಾರ್ಷಿಕ ತಪಾಸಣೆಯಲ್ಲಿ ಇಂಥವನ್ನು ಬಿಚ್ಚಿದ್ದೇನೆ. ಬಿರುಕು ಕೊನೆಯ ಮರೆಯ (ತಿರುಪಿನ ಸುತ್ತಿನ) ಬುಡದಲ್ಲಿರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಕಾಣುವುದು ಎಲ್ಬೋದ ಕೆಳಗೆ ಧೂಳು ಮೆತ್ತಿದ ಕೂದಲೆಳೆಯಷ್ಟು ಎಣ್ಣೆಯ ಗೆರೆ. ಒರೆಸಿ ಎಂಜಿನ್ ಓಡಿಸಿದರೆ ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ. ಅದು ಪೂರ್ತಿ ಮುರಿದರೆ 55ರಿಂದ 95 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡದ ಬಿಸಿ ಎಣ್ಣೆ ಹೊರಕ್ಕೆ ಚಿಮ್ಮುತ್ತದೆ, ಎಂಜಿನ್ನಿನ ಹೊರಹೊದಿಕೆಯಾದ ಅದೇ ಕೌಲಿಂಗ್ ಒಳಗೆ ಕಾದ ಎಕ್ಸಾಸ್ಟ್ ಕೊಳವೆಗಳಿವೆ.

ಮೂರನ್ನೂ ಒಂದೇ ಬ್ಲಾಕಿಗೆ ಜೋಡಿಸಿ ಫೈರ್‌ವಾಲ್ ಮೇಲೆ ಕೂರಿಸಿ, ಎಂಜಿನ್ನಿನಿಂದ ಅಲ್ಲಿಗೆ ಹೋಸ್ ಎಳೆಯಿರಿ. ಅಂಥ ಬ್ಲಾಕನ್ನು ವ್ಯಾನ್ಸ್ ಕಂಪನಿಯೇ ಮಾರುತ್ತದೆ. ತೆಳು ತಗಡಿನ ನಡುವೆ ಕೂರಿಸಿದರೆ ತಗಡೇ ಡೋಲಿನಂತೆ ಅದುರುತ್ತದೆ. ಹಿಂದೆ ಆ್ಯಂಗಲ್ (ಎಲ್ ಆಕಾರದ ಲೋಹದ ಪಟ್ಟಿ) ಇರುವ ಕಡೆ, ಇಲ್ಲವೇ ಡಬ್ಲರ್ (ಬಲಕ್ಕಾಗಿ ಸೇರಿಸುವ ಹೆಚ್ಚುವರಿ ತಗಡು) ಕೊಟ್ಟು, ಉಕ್ಕಿನ ಬೋಲ್ಟಿನಿಂದ ಬಿಗಿಯಿರಿ.

ರಂಧ್ರದ ಬಗ್ಗೆ ನಿಮ್ಮ ಅಳುಕು ಸರಿಯಾದದ್ದೇ. 2017ಕ್ಕೆ ಮುಂಚಿನ ಅಮೆರಿಕದ ಸಣ್ಣ ವಿಮಾನಗಳ ಭಾಗ 23ರ ನಿಯಮದಲ್ಲಿ, ಫೈರ್‌ವಾಲ್‌ಗೆ 0.015 ಅಂಗುಲದ ಸ್ಟೇನ್‌ಲೆಸ್ ತಗಡನ್ನು ಪರೀಕ್ಷೆಯಿಲ್ಲದೆ ಒಪ್ಪುತ್ತಿದ್ದರು. ಬೇರೆ ವಸ್ತುವಾದರೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆಯಬೇಕಿತ್ತು. ಸ್ವಂತಕ್ಕೆ ಕಟ್ಟುವ ವಿಮಾನಕ್ಕೆ ಅದು ಕಡ್ಡಾಯವಲ್ಲ, ಆದರೂ ನಾನು ಅದನ್ನೇ ಅಳತೆಗೋಲಾಗಿ ಹಿಡಿಯುತ್ತೇನೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹಾಗಾಗಿ ಫೈರ್‌ವಾಲ್‌ನಲ್ಲಿ ಅಲ್ಯೂಮಿನಿಯಂ ಪಾಪ್ ರಿವೆಟ್ ಬೇಡವೇ ಬೇಡ; ಬೆಂಕಿ ಬಿದ್ದರೆ ರಿವೆಟ್ ಹೋಗಿ ತೂತು ಉಳಿಯುತ್ತದೆ. ತಂತಿ ಹಾಯುವ ರಂಧ್ರಕ್ಕೆ ಹಾಕುವ ಬರೀ ರಬ್ಬರ್ ಗ್ರೋಮೆಟ್ಟಿನ (ಬಳೆಯ) ಗತಿಯೂ ಅದೇ. ಎಲ್ಲ ತಂತಿಗಳನ್ನೂ ಸೇರಿಸಿ ಒಂದೇ ಉಕ್ಕಿನ ಕೊಳವೆಯಲ್ಲಿ ಒಳಗೆ ತನ್ನಿ. ಮೇಲೆ ಫೈರ್‌ಸ್ಲೀವ್ (ಬೆಂಕಿ ತಾಳುವ ತೋಳು) ಹಾಕಿ ಕ್ಲ್ಯಾಂಪ್ ಬಿಗಿದು, ಬಾಯಿಗೆ ಬೆಂಕಿ ತಡೆಯುವ ಸೀಲೆಂಟ್ ತುಂಬಿ.

ಬಹಳ ಮಂದಿ ಮರೆಯುವುದು ರಿಸ್ಟ್ರಿಕ್ಟರ್. ಸುಮಾರು ಒಂದು ಮಿಲಿಮೀಟರ್ ರಂಧ್ರದ ಆ ಫಿಟಿಂಗ್ ಎಂಜಿನ್ ಕಡೆಯ ತುದಿಯಲ್ಲೇ ಇರಬೇಕು. ಸೆನ್ಸರ್ ಕಡೆ ಹಾಕಿದರೆ ನಡುವೆ ಹೋಸ್ ಹರಿದಾಗ ಅದರಿಂದ ಏನೂ ಉಪಯೋಗವಿಲ್ಲ. ಎಂಜಿನ್ ಕಡೆ ಇದ್ದರೆ ಸೋರಿಕೆ ಬಹಳ ನಿಧಾನವಾಗುತ್ತದೆ, ಇಳಿಯಲು ನಿಮಗೆ ಸಮಯ ಸಿಗುತ್ತದೆ. ಇಂಧನದ ಸಾಲಿಗೂ ಇದೇ ಮಾತು.

ಹೋಸಿಗೆ ಸ್ವಲ್ಪ ಸಡಿಲ ಬಿಡಿ. ಚಾಲೂ ಮಾಡುವಾಗ, ನಿಲ್ಲಿಸುವಾಗ ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಚೆನ್ನಾಗಿಯೇ ಓಲಾಡುತ್ತದೆ.

ಇನ್ನೊಬ್ಬ ಸದಸ್ಯೆ: ಸರ್, ಅಷ್ಟು ಸಣ್ಣ ರಂಧ್ರವಿದ್ದರೆ ಒತ್ತಡ ಕಡಿಮೆ ತೋರಿಸುವುದಿಲ್ಲವೇ?

ಉತ್ತರ: ಇಲ್ಲ ಮೇಡಂ. ಆ ಸಾಲು ಸೆನ್ಸರಿನಲ್ಲೇ ಮುಗಿಯುತ್ತದೆ, ಅದರಲ್ಲಿ ಹರಿವಿಲ್ಲ. ಹರಿವಿಲ್ಲದ ಕಡೆ ರಂಧ್ರ ಎಷ್ಟೇ ಸಣ್ಣದಾದರೂ ಎರಡೂ ಬದಿಯ ಒತ್ತಡ ಒಂದೇ ಆಗಿ ನಿಲ್ಲುತ್ತದೆ. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿದ್ದಾಗ ಮುಳ್ಳು ಏರುವುದು ತುಸು ತಡವಾಗಬಹುದು, ಅಷ್ಟೇ. ಮ್ಯಾನಿಫೋಲ್ಡ್ ಸಾಲಿನಲ್ಲಂತೂ ಇದರಿಂದ ಲಾಭವೇ ಇದೆ. ಸಿಲಿಂಡರಿನ ಪ್ರತಿ ಎಳೆತಕ್ಕೂ ಕುಣಿಯುವ ಅಂಕಿ ಸ್ಥಿರವಾಗುತ್ತದೆ.

ಪ್ರಶ್ನೆ: ಧನ್ಯವಾದ ಸರ್. ಮರೆಗಳಿಗೆ ಟೆಫ್ಲಾನ್ ಟೇಪ್ ಸುತ್ತಬಹುದೇ?

ಉತ್ತರ: ಬೇಡ. ಟೇಪಿನ ಚೂರು ಒಳಗೆ ಸೇರಿದರೆ ಅದೇ ರಿಸ್ಟ್ರಿಕ್ಟರಿನ ಬಾಯಿ ಮುಚ್ಚುತ್ತದೆ. ಒಂದೇ ತಂತಿಯ ಸೆನ್ಸರ್ ಆದರೆ ಅದರ ಅರ್ಥಿಂಗ್ ಮೈಯ ಮೂಲಕವೇ ಆಗಬೇಕು, ಟೇಪ್ ಅದನ್ನೂ ಕೆಡಿಸಬಹುದು. ಇಂಧನ ಮತ್ತು ಎಣ್ಣೆಗೆ ತಾಳುವ ಪೇಸ್ಟ್ ಸೀಲೆಂಟನ್ನು ಮೊದಲ ಮರೆ ಬಿಟ್ಟು ತೆಳ್ಳಗೆ ಹಚ್ಚಿ. ನಂತರ ಕೌಲಿಂಗ್ ಮುಚ್ಚದೆ ಎಂಜಿನ್ ಓಡಿಸಿ, ನಿಲ್ಲಿಸಿದ ಮೇಲೆ ಬಿಳಿ ಬಟ್ಟೆಯಿಂದ ಪ್ರತಿ ಕೀಲನ್ನೂ ಒರೆಸಿ ನೋಡಿ.