ಕಿತ್ತಷ್ಟೂ ಬರುವ ಜೇಕು, ಏನು ಮಾಡಲಿ?

ಪ್ರಶ್ನೆ:
ಹೊಲದಲ್ಲಿ ಜೇಕು ಕಳೆ ವಿಪರೀತ ಆಗಿದೆ. ಕೆಲವರು ತುಂಗೆ, ಕೊನ್ನಾರಿ ಅಂತಲೂ ಕರೆಯುತ್ತಾರೆ, ಮೂರು ಮೂಲೆ ದಂಟು, ತುದಿಯಲ್ಲಿ ಕಂದು ಹೂವು, ಅದೇ. ಮೊದಲು ಬದುವಿನ ಪಕ್ಕ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿತ್ತು. ಕಳೆದ ವರ್ಷ ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಿದೆ, ಮಣ್ಣು ನುಣ್ಣಗಾಯಿತು, ಖುಷಿಯಾಯಿತು. ಹತ್ತೇ ದಿನಕ್ಕೆ ಹೊಲವೆಲ್ಲ ಹಸಿರು! ಕೈಯಲ್ಲಿ ಕಿತ್ತರೆ ದಂಟು ಪಟ್ ಅಂತ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಮುಂದೆ ಮೆಕ್ಕೆಜೋಳ ಹಾಕಬೇಕು ಅಂತಿದ್ದೇನೆ. ಔಷಧಿ ಹೊಡೆದರೆ ಒಂದೇ ಸಲಕ್ಕೆ ಹೋಗುತ್ತಾ?

ಉತ್ತರ 1:
ರೋಟವೇಟರ್ ಹೊಡೆಸಿದ್ದೇ ಎಡವಟ್ಟು ಸರ್. ಒಂದು ಗಿಡದ ಸುತ್ತ ಗುದ್ದಲಿಯಲ್ಲಿ ಒಂದಡಿ ಅಗೆದು, ನಿಧಾನವಾಗಿ ಮಣ್ಣು ಕೊಡವಿ ನೋಡಿ. ದಾರದಂಥ ಬೇರಿನಲ್ಲಿ ಗಡ್ಡೆಗಳು ಮಣಿಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿದ್ದಾಗ ಹೆಚ್ಚಾಗಿ ತುದಿಯ ಗಡ್ಡೆ ಚಿಗುರುತ್ತದೆ, ಉಳಿದವು ಸುಮ್ನೆ ಮಲಗಿರುತ್ತವೆ. ನೀವು ಸರ ತುಂಡರಿಸಿದಿರಿ, ಮಲಗಿದ್ದವೂ ಎದ್ದು ಕೂತವು.
ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಪಲ್ಟಿ ನೇಗಿಲಲ್ಲಿ ಆಳವಾಗಿ ಮಗುಚಿ, ಹೆಂಟೆ ಒಡೆಯದೆ ಹಾಗೇ ಬಿಡಿ. ಬಿಸಿಲಿಗೆ ಬಿದ್ದ ಗಡ್ಡೆ ಒಂದೆರಡು ವಾರದಲ್ಲಿ ಒಣಗಿ ಸಾಯುತ್ತದೆ. ನಡುವೆ ಒಂದು ಮಳೆ ಬಿತ್ತೋ, ಅದೆಲ್ಲ ದಂಡ.

ಉತ್ತರ 2:
ಒಂದೇ ಸಲಕ್ಕೆ ಯಾವ ಔಷಧಿಗೂ ಹೋಗುವುದಿಲ್ಲ. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಎಲೆಯಿಂದ ಗಡ್ಡೆಗೆ ಇಳಿಯುವುದು ನಿಜ, ಆದರೆ ಹಸಿರು ಗಿಡಕ್ಕೆ ಅಂಟಿಕೊಂಡ ಗಡ್ಡೆಗೆ ಮಾತ್ರ. ಮಲಗಿರುವ ಬಿಡಿ ಗಡ್ಡೆಗೆ ಅದು ತಾಗುವುದೇ ಇಲ್ಲ. ಬೆಳೆಗೆ ಬಿದ್ದರೆ ಬೆಳೆಯೂ ಹೋಗುತ್ತದೆ, ಹಾಗಾಗಿ ಖಾಲಿ ಹೊಲದಲ್ಲಿ, ಜೇಕು ಚೆನ್ನಾಗಿ ಎಲೆ ಬಿಟ್ಟ ಮೇಲೆ ಹೊಡೆಯಬೇಕು, ಆಮೇಲೆ ಎರಡು ವಾರ ಉಳಬಾರದು. ಕದಡಿದ ನೀರಲ್ಲಿ ಕಲಸಬೇಡಿ. ಔಷಧಿ ಮಣ್ಣಿನ ಕಣಕ್ಕೇ ಅಂಟಿಕೊಳ್ಳುತ್ತದೆ. ನಾನು ಒಮ್ಮೆ ಹೊಂಡದ ಕೆಸರು ನೀರಲ್ಲಿ ಹೊಡೆದು, ಜೇಕು ಅರ್ಧ ಹಳದಿಯಾಗಿ ಮತ್ತೆ ಚಿಗುರಿತು.
ಮೆಕ್ಕೆಜೋಳದ ಒಳಗೆ ಹೊಡೆಯುವುದಾದರೆ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಅನ್ನುವ ಕಳೆನಾಶಕ ಇದೆ. ಪ್ರಮಾಣ, ಮುಂದಿನ ಬೆಳೆಗೆ ಎಷ್ಟು ದಿನ ಬಿಡಬೇಕು ಅನ್ನುವುದನ್ನು ಡಬ್ಬಿ ಮೇಲೆ ಓದಿಕೊಳ್ಳಿ, ಅಂದಾಜಿಗೆ ಹಾಕಬೇಡಿ.

ಉತ್ತರ 3:
ಇವರು ಹೇಳಿದ್ದೆಲ್ಲ ಸರಿ, ಆದರೆ ನೆರಳನ್ನು ಯಾಕೆ ಮರೆತಿರಿ? ಜೇಕಿಗೆ ನೆರಳು ಅಂದರೆ ಆಗುವುದಿಲ್ಲ. ಸೆಣಬನ್ನು ಒತ್ತಾಗಿ ಚೆಲ್ಲಿ ಬೆಳೆಸಿದರೆ ಅದರ ಕೆಳಗೆ ಸೊರಗುತ್ತದೆ. ಈರುಳ್ಳಿಯಂಥ ಕಡ್ಡಿ ಎಲೆಯ ಬೆಳೆ ಆ ಜಾಗದಲ್ಲಿ ಬೇಡವೇ ಬೇಡ. ಪ್ಲಾಸ್ಟಿಕ್ ಹೊದಿಕೆಯನ್ನೂ ಸೂಜಿಯ ಹಾಗೆ ಚುಚ್ಚಿಕೊಂಡು ಮೇಲೆ ಬರುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ. ಚಿಗುರಿದ ಮೂರ್ನಾಲ್ಕು ವಾರಕ್ಕೆ ಹೊಸ ಗಡ್ಡೆ ಕಟ್ಟಲು ಶುರುವಾಗುತ್ತದೆ. ಅದಕ್ಕೆ ಮುಂಚೆ, ಎರಡು ವಾರಕ್ಕೊಮ್ಮೆ ಸಾಲಿನ ನಡುವೆ ಕಳೆ ಕೊಚ್ಚುವ ಎಡೆಕುಂಟೆ ಹೊಡೆಯುತ್ತಿದ್ದರೆ ಹಳೇ ಗಡ್ಡೆ ಚಿಗುರಿ ಚಿಗುರಿ ಬರಿದಾಗುತ್ತದೆ. ಒಂದು ಸಲ ತಪ್ಪಿಸಿದರೂ ಅದಕ್ಕೇ ಲಾಭ. ಇದು ಎರಡು ಮೂರು ವರ್ಷದ ಕೆಲಸ.

ಪ್ರಶ್ನೆ ಕೇಳಿದವರು:
ಈಗಷ್ಟೇ ಅಗೆದು ನೋಡಿದೆ. ಒಂದೇ ಸರದಲ್ಲಿ ಏಳು ಗಡ್ಡೆ! ಇಷ್ಟು ದಿನ ಕಿತ್ತಿದ್ದನ್ನೆಲ್ಲ ಬದುವಿನ ಮೇಲೆ ಎಸೆಯುತ್ತಿದ್ದೆ. ಈಗ ಹೋಗಿ ಬುಟ್ಟಿ ಹಿಡಿದು ಆರಿಸಿಕೊಂಡು ಬಂದೆ.