ಆಡಿನ ಭ್ರೂಣದ ರೂಮೆನ್: ಎಪಿಥೀಲಿಯಂ ಕೋಶಗಳು ಖಾಲಿ ಕಾಣೋದು ಯಾಕೆ?

ಸ್ಲೈಡ್_ಡಬ್ಬಿ:
ಗರ್ಭದ ಸುಮಾರು 80ನೇ ದಿನ, ಹುಟ್ಟಿದ ದಿನ, 2 ತಿಂಗಳು: ಮೂರು ಹಂತದ ರೂಮೆನ್ (ಮೇವು ಹುಳಿಯೋ ಮೊದಲ ಹೊಟ್ಟೆ). 10% ಫಾರ್ಮಲಿನ್‌ನಲ್ಲಿ ಫಿಕ್ಸ್ (ಕೆಡದ ಹಾಗೆ ಗಟ್ಟಿ) ಮಾಡಿದ್ದು, 5 ಮೈಕ್ರಾನ್ ಸೆಕ್ಷನ್, ಎಚ್ ಅಂಡ್ ಇ ಬಣ್ಣ. 80 ದಿನದ್ದರಲ್ಲಿ ಎಪಿಥೀಲಿಯಂನ (ಒಳಮೈ ಹೊದಿಕೆಯ) ಮೇಲಿನ ಕೋಶಗಳು ಖಾಲಿ ಚೀಲದ ಹಾಗಿವೆ. ಫಿಕ್ಸ್ ಆಗಿಲ್ವಾ? ಪ್ಯಾಪಿಲೆಯೂ (ಬೆರಳಿನಂಥ ಉಬ್ಬುಗಳು) ಇಲ್ಲ, ಒಳಮೈ ನುಣುಪು. 2 ತಿಂಗಳದ್ದರಲ್ಲಿ ಎಪಿಥೀಲಿಯಂ ಕೆಳಗಿನ ಗುಲಾಬಿ ಪಟ್ಟಿಯನ್ನು ಮಸ್ಕ್ಯುಲಾರಿಸ್ ಮ್ಯೂಕೋಸ (ಒಳಪದರದ ತೆಳು ಸ್ನಾಯು) ಅಂತ ಗುರುತಿಸಬಹುದಾ?

ಮೈಕ್ರೋಟೋಮ್:
ಫಿಕ್ಸೇಷನ್ ಕೆಟ್ಟಿದ್ರೆ ತಳದ ಸಾಲಿನ ನ್ಯೂಕ್ಲಿಯಸ್‌ಗಳೂ ಮಸುಕಾಗಿರ್ತಿದ್ವು, ಎಪಿಥೀಲಿಯಂ ಕಿತ್ತು ಬಂದಿರ್ತಿತ್ತು. ತಳ ಸ್ಪಷ್ಟವಾಗಿದ್ದರೆ ಅದು ಗ್ಲೈಕೋಜನ್ (ಕೋಶ ಕೂಡಿಟ್ಟ ಪಿಷ್ಟದಂಥ ಸಕ್ಕರೆ) ಇದ್ದ ಜಾಗ. ಭ್ರೂಣದ ರೂಮೆನ್‌ನಲ್ಲಿ ಅದು ತುಂಬಿರುತ್ತೆ, ಎಚ್ ಅಂಡ್ ಇ ಬಣ್ಣ ಹಿಡಿಯಲ್ಲ. ಪಕ್ಕಪಕ್ಕದ ಎರಡು ಸೆಕ್ಷನ್‌ಗೆ ಪಿಎಎಸ್ (ಗ್ಲೈಕೋಜನ್ ಕಡುಗುಲಾಬಿ ಮಾಡೋ ಬಣ್ಣ) ಹಾಕಿ, ಒಂದಕ್ಕೆ ಮೊದಲು ಡಯಾಸ್ಟೇಸ್ (ಗ್ಲೈಕೋಜನ್ ಒಡೆಯೋ ಕಿಣ್ವ). ಡಯಾಸ್ಟೇಸ್ ಹಾಕಿದ್ದರಲ್ಲಿ ಮಾತ್ರ ಕಡುಗುಲಾಬಿ ಮಾಯವಾದ್ರೆ ಅನುಮಾನವೇ ಇಲ್ಲ.

ಪ್ಯಾಪಿಲೆಯನ್ನು ಮೇಲ್ಮೈಯಲ್ಲಿ ಹುಡುಕಬೇಡಿ. ತಳದ ಗೆರೆ ಅಲೆಅಲೆಯಾಗಿ ಮೇಲೇಳ್ತಿದೆಯಾ, ಅಲೆಯೊಳಗೆ ಸಂಯೋಜಕ ಅಂಗಾಂಶದ ತಿರುಳಿದೆಯಾ ನೋಡಿ. ಶುರುವಾಗೋದು ಅಲ್ಲಿಂದ; ಮೇಲಿನ ಪದರ ಉದುರಿದ ಮೇಲೇ ಅವು ಹೊರಗೆ ಕಾಣೋದು. ಬ್ಲಾಕ್ ಓರೆಯಾದ್ರೆ ಎಪಿಥೀಲಿಯಂ ಸುಳ್ಳೇ ದಪ್ಪ ಕಾಣುತ್ತೆ, ಅಂಥದ್ದನ್ನ ಅಳೀಬೇಡಿ.

ನಾಲ್ಕು_ಹೊಟ್ಟೆ:
ಆ ಹೆಸರು ಬರೀಬೇಡಿ. ರೂಮೆನ್‌ಗೆ ಮಸ್ಕ್ಯುಲಾರಿಸ್ ಮ್ಯೂಕೋಸ ಇಲ್ಲ, ಆ ಪಟ್ಟಿ ಒತ್ತಾದ ಕೊಲಾಜನ್ ನಾರು. ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿದ್ರೆ ನೀಲಿ ಅಥವಾ ಹಸಿರು ಬರುತ್ತೆ, ಸ್ನಾಯು ಆಗಿದ್ರೆ ಕೆಂಪು. ಕೆಂಪು ಬಂದ್ರೆ ತುಂಡು ರೆಟಿಕ್ಯುಲಂನದ್ದಾ (ಪಕ್ಕದ ಎರಡನೇ ಹೊಟ್ಟೆ) ಅಂತ ನೋಡಿ. ಅಲ್ಲಿ ಮಡಿಕೆಗಳ ತುದಿಯಲ್ಲಿ ಸ್ನಾಯು ಇರುತ್ತೆ. ಮೂರೂ ಹಂತದಲ್ಲಿ ತುಂಡು ಒಂದೇ ಜಾಗದಿಂದ ಬರಲಿ. ಡಾರ್ಸಲ್ ಸ್ಯಾಕ್‌ನ (ರೂಮೆನ್‌ನ ಮೇಲಿನ ಚೀಲ) ಮೇಲ್ಛಾವಣಿಯಲ್ಲಿ ದೊಡ್ಡ ಆಡಿಗೂ ಪ್ಯಾಪಿಲೆ ಅಷ್ಟಕ್ಕಷ್ಟೆ.

ಕರು_ಕೊಟ್ಟಿಗೆ:
2 ತಿಂಗಳ ಮರಿ ಏನು ತಿಂತಿತ್ತು ಅಂತ ಬರೆದಿಟ್ಟಿದ್ದೀರಾ? ಅದಿಲ್ಲದೆ ಆ ಸ್ಲೈಡ್‌ಗೆ ಅರ್ಥವಿಲ್ಲ. ಹಾಲು ಅನ್ನನಾಳದ ಕಾಲುವೆಯಲ್ಲಿ ನೇರ ನಾಲ್ಕನೇ ಹೊಟ್ಟೆ ಅಬೊಮೇಸಂಗೆ ಹೋಗುತ್ತೆ, ಹಾಗಾಗಿ ಬರೀ ಹಾಲು ಕುಡಿದ ಮರಿ ದೊಡ್ಡದಾದ್ರೂ ಪ್ಯಾಪಿಲೆ ಗಿಡ್ಡವೇ. ಅವನ್ನ ಬೆಳೆಸೋದು ಕಾಳಿನ ಮೇವು ಹುಳಿತು ಬರೋ ಬ್ಯುಟಿರೇಟ್, ಪ್ರೊಪಿಯೊನೇಟ್ ಅನ್ನೋ ಆಮ್ಲಗಳು. ಒಣಹುಲ್ಲು ಮುಖ್ಯವಾಗಿ ಗಾತ್ರ, ಸ್ನಾಯು ಬೆಳೆಸುತ್ತೆ. ಕುಡಿಯೋ ನೀರು ಬೇರೆ ಇಡಲೇಬೇಕು, ಹುಳಿಯೋಕೆ ಅದೇ ಬೇಕು. ಇನ್ನೊಂದು: ಹಿಂಡಿಯನ್ನ ನುಣ್ಣಗೆ ಪುಡಿ ಮಾಡಿ ಕೊಟ್ಟಿದ್ರೆ ಪ್ಯಾಪಿಲೆ ಅಂಟಿಕೊಂಡು ಕೆರಟಿನ್ ಪೇರುತ್ತೆ. ಅದು ಪ್ಯಾರಾಕೆರಟೋಸಿಸ್, ಬೆಳವಣಿಗೆ ಅಂತ ಎಣಿಸಬೇಡಿ.

ಸ್ಲೈಡ್_ಡಬ್ಬಿ:
ಮರಿ ಹಾಲಿನ ಜೊತೆ ಸೊಪ್ಪು ತಿಂತಿತ್ತು, ಕಾಳಿಲ್ಲ. ಲ್ಯಾಬಲ್ಲಿ ಡಯಾಸ್ಟೇಸ್ ಖಾಲಿ.

ಮೈಕ್ರೋಟೋಮ್:
ಎಂಜಲು ಸಾಕು, ಅದರಲ್ಲೂ ಅದೇ ಕೆಲಸ ಮಾಡೋ ಅಮೈಲೇಸ್ ಇದೆ. ಪ್ಯಾರಾಫಿನ್ ತೆಗೆದು ನೀರಿಗೆ ತಂದ ಸೆಕ್ಷನ್ ಮೇಲೆ ಹಾಕಿ, 37 ಡಿಗ್ರಿಯಲ್ಲಿ ಅರ್ಧದಿಂದ ಒಂದು ಗಂಟೆ ಇಡಿ. ಒಣಗೋಕೆ ಬಿಡಬೇಡಿ. ಚೆನ್ನಾಗಿ ತೊಳೆದು ಪಿಎಎಸ್ ಮಾಡಿ.